ಎಲುಬು ಕೂಡಿತು, ಕೋರೆಗೆ ಇಳಿಯಲು ಆಗಲಿಲ್ಲ: ಮಂಜೇಶ್ವರದ ಒಂದು ಪರಿಹಾರ ಪ್ರಕರಣ

ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ ತಾಲೂಕಿನ ಒಳಗಿನ ಒಂದು ಊರಿನಲ್ಲಿ, ಮಳೆ ಬಿಟ್ಟು ಬಿಟ್ಟು ಬರುತ್ತಿದ್ದ ದಿನಗಳಲ್ಲಿ, ಕೆಂಪುಕಲ್ಲು ಕಡಿಯುವ ಕೋರೆಯೊಂದರ ಬರೆ, ಅಂದರೆ ಕಡಿದು ಬಿಟ್ಟ ಗೋಡೆ, ಕುಸಿಯಿತು. ಬರೆಗೆ ಮೆಟ್ಟಿಲು ಬಿಟ್ಟಿರಲಿಲ್ಲ, ನೇರವಾಗಿ ಕಡಿದಿದ್ದರು. ಕೆಳಗೆ ಇಬ್ಬರಿದ್ದರು, ಮೇಲೆ ಲೋಡಿಂಗಿನ ಹುಡುಗ ಒಬ್ಬ. ಕೆಳಗಿದ್ದವರಲ್ಲಿ ಒಬ್ಬರು ಮಣ್ಣಿನ ಅಡಿಯಲ್ಲೇ ತೀರಿಹೋದರು. ಇನ್ನೊಬ್ಬರು ಎದೆಮಟ್ಟ ಹೂತುಹೋಗಿದ್ದರು. ಅವರನ್ನು ಹೊರಗೆ ತೆಗೆಯಲು ಒಂದು ಗಂಟೆಗಿಂತ ಜಾಸ್ತಿ ಹಿಡಿಯಿತು. ಅಷ್ಟು ಹೊತ್ತೂ ಅವರ ಬಲಗೈ ಸಂಗಡಿಗನ ಬೆನ್ನಿಗೆ ತಾಗಿಕೊಂಡೇ ಇತ್ತು. ಮೊದಲು ಆ ಬೆನ್ನು ಅಲುಗಾಡುತ್ತಿತ್ತು, ಆಮೇಲೆ ಇಲ್ಲ.

ಬದುಕಿ ಬಂದವರನ್ನು ಇಲ್ಲಿ ಅಣ್ಣ ಅಂತ ಕರೆಯುತ್ತೇನೆ. ಮಾತಾಡುವಾಗಲೂ ನಾನು ಹಾಗೇ ಕರೆಯುವುದು. ಅವರ ಹೆಂಡತಿಯನ್ನು ಅಕ್ಕ ಅಂತ. ಇದನ್ನು ಬರೆಯಲು ಅಣ್ಣ, ಅಕ್ಕ ಇಬ್ಬರ ಒಪ್ಪಿಗೆಯೂ ಇದೆ. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ. ಕಾನೂನಿನ ಲೆಕ್ಕ ಮಾತ್ರ ಇದ್ದದ್ದು ಇದ್ದ ಹಾಗೆ. ಕೂಲಿ ಕೆಲಸದವರಿಗೆ ಅರ್ಜಿ, ಕಾಗದಪತ್ರದಲ್ಲಿ ಸಹಾಯ ಮಾಡುವುದು ನನ್ನ ಕೆಲಸ. ಕೈ ಹೋದ, ಕಾಲು ಹೋದ ಪ್ರಕರಣಗಳು ಬರುತ್ತಲೇ ಇರುತ್ತವೆ. ಮನಸ್ಸಿಗೆ ಆದ ಗಾಯಕ್ಕೆ ಪರಿಹಾರ ಕೇಳಿ ಬರುವವರು ತೀರಾ ಕಡಿಮೆ. ಗಾಯ ಇಲ್ಲ ಅಂತಲ್ಲ, ಅದನ್ನು ಕೇಳಬಹುದು ಅಂತಲೇ ಯಾರಿಗೂ ಗೊತ್ತಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಅಣ್ಣನಿಗೆ ಆಗ 40 ವರ್ಷ. ಎಡಗಡೆಯ ಕಾಲರ್ ಬೋನ್ ಮುರಿದಿತ್ತು, ಮೈತುಂಬ ತರಚು ಗಾಯ. ಗಡಿ ದಾಟಿ ಮಂಗಳೂರು ಕಡೆಯ ಆಸ್ಪತ್ರೆಗೆ ಕರೆದುಕೊಂಡು ಹೋದರು. ಇಲ್ಲಿಯವರೆಲ್ಲ ಹೋಗುವುದು ಆ ಕಡೆಗೇ ಅಲ್ವಾ. ಕೋರೆಯ ಧನಿ ಬಿಲ್ಲು ಕಟ್ಟಿದರು. ಕೆಲವು ವಾರದಲ್ಲಿ ಎಲುಬು ಕೂಡಿತು. ಡಿಸ್ಚಾರ್ಜ್ ಕಾಗದದಲ್ಲಿ ಎಲುಬಿನ ವಿಷಯ ಬಿಟ್ಟರೆ ಬೇರೆ ಒಂದು ಅಕ್ಷರ ಇರಲಿಲ್ಲ.

ನಿಜವಾದ ತೊಂದರೆ ಶುರುವಾದದ್ದು ಮನೆಗೆ ಬಂದ ಮೇಲೆ. ರಾತ್ರಿ ಬೊಬ್ಬೆ ಹೊಡೆದು ಏಳುವುದು. ಹೊದಿಕೆ ಎದೆಯ ಮೇಲೆ ಬಿದ್ದರೆ ಕಿತ್ತು ಬಿಸಾಡುವುದು. ಜೆಸಿಬಿ ಶಬ್ದ ಕೇಳಿದರೆ ಅಂಗಳದಿಂದ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುವುದು. ಮಳೆ ಬಂದು ಮಣ್ಣಿನ ವಾಸನೆ ಎದ್ದರೆ ಊಟ ಸೇರುವುದಿಲ್ಲ. ಮಕ್ಕಳ ಮೇಲೆ ಸುಮ್ ಸುಮ್ನೆ ರೇಗುವುದು. ತೀರಿಹೋದವರ ಮನೆಯ ದಾರಿಯನ್ನೇ ಬಿಟ್ಟು ಸುತ್ತು ಬಳಸಿ ನಡೆಯುವುದು. ಕೈ ಚೆನ್ನಾಗಿದೆ ಅಂತ ಡಾಕ್ಟರು ಹೇಳಿದ ಮೇಲೆ ಒಂದು ದಿನ ಕೆಲಸಕ್ಕೆ ಹೊರಟರು. ಕೋರೆಯ ಬಾಯಿಯಲ್ಲಿ ನಿಂತು ಕೆಳಗೆ ನೋಡಿದವರು ಅಲ್ಲೇ ಕುಸಿದು ಕೂತರು. ಮೈಯೆಲ್ಲ ಬೆವರು, ಉಸಿರು ಸಿಕ್ಕಿಹಾಕಿಕೊಂಡ ಹಾಗೆ. ಬೇರೆಯವರು ಬೈಕಿನಲ್ಲಿ ಮನೆಗೆ ತಂದು ಬಿಟ್ಟರು.

ಊರಲ್ಲಿ ಹೆದರಿಕೆ ತಾಗಿದೆ ಅಂದರು. ಜೋಯಿಸರಲ್ಲಿ ಪ್ರಶ್ನೆ ಇಟ್ಟು ಕೇಳಿದರು, ತಾಯತ ಕಟ್ಟಿಸಿದರು. ಅದನ್ನು ನಾನು ತಪ್ಪು ಅನ್ನುವುದಿಲ್ಲ, ಮನೆಯವರಿಗೆ ಏನಾದರೂ ಮಾಡಲೇಬೇಕು ಅನಿಸುತ್ತದೆ. ಆದರೆ ಆ ತಿಂಗಳುಗಳಲ್ಲಿ ಮನಸ್ಸಿನ ಡಾಕ್ಟರ ಹತ್ತಿರ ಹೋಗಲಿಲ್ಲ ಅನ್ನುವುದೇ ಮುಂದೆ ದೊಡ್ಡ ಪ್ರಶ್ನೆಯಾಗಿ ಎದ್ದು ನಿಂತಿತು. ಅಷ್ಟರಲ್ಲಿ ನಿದ್ದೆಗೆ ಅಂತ ಕುಡಿತ ಶುರುವಾಗಿತ್ತು. ಮನೆ ನಡೆಯುತ್ತಿದ್ದದ್ದು ಅಕ್ಕ ಬೀಡಿ ಕಟ್ಟಿದ ದುಡ್ಡಿನಲ್ಲಿ.

ಧನಿಯ ಹತ್ತಿರ ಅಕ್ಕ ಹೋಗಿ ಕೇಳಿದಾಗ ಸಿಕ್ಕ ಉತ್ತರ ಇದು: "ಎಲುಬು ಕೂಡಿದೆ, ಕೈ ಎತ್ತಲಿಕ್ಕೆ ಆಗ್ತದೆ. ಇನ್ನೆಂತ ಆಗಬೇಕು? ಆಸ್ಪತ್ರೆ ಬಿಲ್ಲು ನಾನೇ ಕೊಟ್ಟದ್ದಲ್ವಾ?" ಜೊತೆಗೆ ಒಂದು ಮುದ್ರೆ ಕಾಗದ ತೋರಿಸಿದರು. ಆಸ್ಪತ್ರೆಯಿಂದ ಬಿಡುವ ದಿನ ಅಣ್ಣನಿಂದ ಸಹಿ ಹಾಕಿಸಿಕೊಂಡದ್ದು. ಪೂರ್ತಿ ಮಲಯಾಳದಲ್ಲಿತ್ತು. ಅಣ್ಣ ಕಲಿತದ್ದು ಏಳನೇ ಕ್ಲಾಸಿನವರೆಗೆ, ಅದೂ ಕನ್ನಡ ಶಾಲೆಯಲ್ಲಿ. ಮಲಯಾಳ ಮಾತಾಡುತ್ತಾರೆ, ಓದಲು ಬರುವುದಿಲ್ಲ. ಸ್ವಲ್ಪ ಹಣ ತೆಗೆದುಕೊಂಡಿದ್ದೇನೆ, ಇನ್ನು ಯಾವ ಹಕ್ಕೂ ಕೇಳುವುದಿಲ್ಲ ಅಂತ ಅದರಲ್ಲಿ ಬರೆದಿತ್ತು.

ಆ ಕಾಗದ ನೋಡಿ ಮನೆಯವರು ಎಲ್ಲ ಮುಗಿಯಿತು ಅಂದುಕೊಂಡಿದ್ದರು. ಮುಗಿದಿರಲಿಲ್ಲ. ಘಟನೆ ನಡೆದಾಗ ಜಾರಿಯಲ್ಲಿದ್ದದ್ದು 1923ರ ನೌಕರರ ಪರಿಹಾರ ಕಾಯಿದೆ. ಅದರ 17ನೇ ಸೆಕ್ಷನ್ ಸ್ಪಷ್ಟವಾಗಿ ಹೇಳುತ್ತದೆ, ಪರಿಹಾರದ ಹಕ್ಕು ಬಿಟ್ಟುಕೊಡುವ ಯಾವ ಕರಾರಿಗೂ ಬೆಲೆ ಇಲ್ಲ. ರಾಜಿ ಆದರೆ ಅದನ್ನು ಪರಿಹಾರದ ಅರ್ಜಿ ವಿಚಾರಿಸುವ ಕಮಿಷನರ ಮುಂದೆ ನೋಂದಾಯಿಸಬೇಕು, ಮೊತ್ತ ಕಡಿಮೆಯಾಯಿತು ಅಂತ ಕಂಡರೆ ಅವರು ನೋಂದಾಯಿಸದೆ ಇರಬಹುದು. ಆಸ್ಪತ್ರೆ ಬಿಲ್ಲಿನ ಮಾತೂ ನಿಲ್ಲುವುದಿಲ್ಲ. ಚಿಕಿತ್ಸೆಗೆ ಕೊಟ್ಟ ಹಣವನ್ನು ಪರಿಹಾರದ ಲೆಕ್ಕಕ್ಕೆ ಹಿಡಿಯುವಂತಿಲ್ಲ ಅಂತ ಕಾಯಿದೆಯಲ್ಲೇ ಇದೆ. 2009ರ ತಿದ್ದುಪಡಿಯ ಮೇಲಂತೂ ಕೆಲಸದಲ್ಲಿ ಆದ ಗಾಯದ ಚಿಕಿತ್ಸೆಯ ಖರ್ಚು ಪೂರ್ತಿ ಮಾಲೀಕನದ್ದೇ.

ಈಗ ಮುಖ್ಯ ಪ್ರಶ್ನೆ. ಮನಸ್ಸಿನ ಗಾಯ ಈ ಕಾಯಿದೆಯೊಳಗೆ ಬರುತ್ತದಾ?

ಕಾಯಿದೆಯ ಮೊದಲನೇ ಪಟ್ಟಿ ತೆರೆದು ನೋಡಿದರೆ ಬೆರಳು, ಕೈ, ಕಾಲು, ಕಣ್ಣು, ಕಿವಿ ಇವೆ, ಒಂದೊಂದಕ್ಕೂ ಇಷ್ಟಿಷ್ಟು ಶೇಕಡಾ ಅಂತ ಇದೆ. ಮನಸ್ಸು ಇಲ್ಲ. ಮೂರನೇ ಪಟ್ಟಿ ವೃತ್ತಿರೋಗಗಳದ್ದು, ಅಲ್ಲೂ ಇಲ್ಲ. ಅದನ್ನು ನೋಡಿ ತುಂಬಾ ಜನ, ವಕೀಲರು ಕೂಡ, ಕೈಚೆಲ್ಲುತ್ತಾರೆ. ಆದರೆ 3ನೇ ಸೆಕ್ಷನ್ ಕೇಳುವುದು ಇಷ್ಟನ್ನೇ: ಕೆಲಸದಿಂದಾಗಿ, ಕೆಲಸದ ಹೊತ್ತಿನಲ್ಲಿ ಅಪಘಾತ ಆಯಿತಾ, ಅದರಿಂದ ನೌಕರನ ಮೈಗೆ ಕೇಡಾಯಿತಾ, ಮೂರು ದಿನಕ್ಕಿಂತ ಜಾಸ್ತಿ ದುಡಿಯಲು ಆಗದೆ ಹೋಯಿತಾ. ಕೇಡು ಎಲುಬಿನದ್ದೇ ಆಗಬೇಕು ಅಂತ ಎಲ್ಲೂ ಬರೆದಿಲ್ಲ. ಮಿದುಳು, ನರ, ನಿದ್ದೆ, ಹೆದರಿಕೆ ಇವೆಲ್ಲ ದೇಹದ ಹೊರಗಿನದ್ದಲ್ಲವಲ್ಲ. ಪಟ್ಟಿಯಲ್ಲಿ ಇಲ್ಲದ ಗಾಯಕ್ಕೂ 4ನೇ ಸೆಕ್ಷನ್ನಿನಲ್ಲಿ ದಾರಿ ಇದೆ. ಅರ್ಹ ಡಾಕ್ಟರು ದುಡಿಯುವ ಶಕ್ತಿ ಎಷ್ಟು ಕಡಿಮೆಯಾಗಿದೆ ಅಂತ ಶೇಕಡಾ ಲೆಕ್ಕ ಕೊಟ್ಟರೆ, ಪರಿಹಾರ ಅದರ ಮೇಲೆ. ನಾವು ಹಿಡಿದದ್ದು ಈ ದಾರಿಯನ್ನೇ.

ದಾರಿ ಇದ್ದರೆ ಸಾಲದು, ಕಾಗದ ಬೇಕು. ಅಣ್ಣನನ್ನು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಕ್ಲಿನಿಕ್ಕಿಗೆ ಕರೆದುಕೊಂಡು ಹೋದದ್ದು ಘಟನೆಯಾಗಿ ಎಷ್ಟೋ ತಿಂಗಳಾದ ಮೇಲೆ. ಕೇರಳದ ಎಲ್ಲ 14 ಜಿಲ್ಲೆಗಳಲ್ಲೂ ಈ ಕಾರ್ಯಕ್ರಮ ಇದೆ, ಸರಕಾರಿ ಆಸ್ಪತ್ರೆಗಳಲ್ಲಿ ಇವರ ಡಾಕ್ಟರು ಕೂರುತ್ತಾರೆ. ಮೊದಲ ಸಲ ಅಣ್ಣ ಬಾಯಿ ಬಿಡಲೇ ಇಲ್ಲ, "ನಿದ್ದೆ ಇಲ್ಲ" ಅಂತ ಒಂದೇ ಮಾತು. ಡಾಕ್ಟರು ಮಲಯಾಳದವರು, ಒಳ್ಳೆಯವರು. ತುಳು ಬರುವ ನರ್ಸ್ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವಸರ ಮಾಡದೆ, ಮುಂದಿನ ಭೇಟಿಗಳಲ್ಲಿ ಒಂದೊಂದೇ ಕೇಳಿದರು. ಆ ಬೆನ್ನಿನ ವಿಷಯ ಅಣ್ಣ ಮೊದಲ ಸಲ ಹೇಳಿದ್ದು ಅಲ್ಲಿ. ಅಕ್ಕನಿಗೂ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಡಾಕ್ಟರು ಬರೆದ ಕಾಯಿಲೆ ಪಿಟಿಎಸ್‌ಡಿ, ಅಂದರೆ ಆಘಾತದ ನಂತರದ ಒತ್ತಡದ ಕಾಯಿಲೆ. ಜೀವಕ್ಕೆ ಅಪಾಯ ಬಂದದ್ದನ್ನು ಅನುಭವಿಸಿದವರಿಗೆ ಅಥವಾ ಕಣ್ಣಾರೆ ಕಂಡವರಿಗೆ ಬರುವಂಥದ್ದು. ಘಟನೆ ಮತ್ತೆ ಮತ್ತೆ ಕಣ್ಣೆದುರು ಬರುವುದು, ಅದನ್ನು ನೆನಪಿಸುವ ಜಾಗ, ಶಬ್ದಗಳಿಂದ ದೂರ ಓಡುವುದು, ಸದಾ ಬೆಚ್ಚಿಬೀಳುವುದು, ಮನಸ್ಸು ಕುಗ್ಗುವುದು, ಇವು ಒಂದು ತಿಂಗಳಿಗಿಂತ ಜಾಸ್ತಿ ಉಳಿದರೆ ಕಾಯಿಲೆ ಅನ್ನುತ್ತಾರೆ. ಅಮೆರಿಕದ ಮನೋವೈದ್ಯರ ಕೈಪಿಡಿಗೆ ಈ ಹೆಸರು ಸೇರಿದ್ದು 1980ರಲ್ಲಿ. ಮಾತ್ರೆಯೂ ಇದೆ, ಮಾತಿನ ಚಿಕಿತ್ಸೆಯೂ ಇದೆ, ಎರಡರಿಂದಲೂ ಗುಣ ಕಾಣುವವರು ಇದ್ದಾರೆ. ಕೆಲವರಲ್ಲಿ ಪೂರ್ತಿ ಲಕ್ಷಣ ಕಾಣಿಸಿಕೊಳ್ಳಲು ಆರು ತಿಂಗಳೂ ಬೇಕಾಗುತ್ತದೆ. ಈ ಕೊನೆಯ ಮಾತನ್ನು ಡಾಕ್ಟರು ಸರ್ಟಿಫಿಕೇಟಿನಲ್ಲೇ ಬರೆದುಕೊಟ್ಟರು, ಅದು ತುಂಬಾ ಉಪಯೋಗಕ್ಕೆ ಬಂತು.

ಆದರೆ ಪ್ರಕರಣವನ್ನು ಎತ್ತಿ ನಿಲ್ಲಿಸಿದ್ದು ಬೇರೆಯೇ ಒಂದು ಚೀಟಿ. ಎಲುಬಿನ ಡಾಕ್ಟರಿಗೆ ತೋರಿಸಲು ಹೋದಾಗ ಅಕ್ಕ ಸುಮ್ಮನಿರಲಾರದೆ, ರಾತ್ರಿ ಬೊಬ್ಬೆ ಹೊಡೆಯುತ್ತಾರೆ, ನಿದ್ದೆ ಇಲ್ಲ ಅಂತ ಅಲ್ಲಿದ್ದ ಸಣ್ಣ ಡಾಕ್ಟರಿಗೆ ಹೇಳಿದ್ದರು. ಅವರು ಒಪಿ ಚೀಟಿಯ ಮೂಲೆಯಲ್ಲಿ ಒಂದು ಸಾಲು ಬರೆದು ಬಿಟ್ಟಿದ್ದರು. ಘಟನೆಯಾಗಿ ಮೂರೇ ವಾರದಲ್ಲಿ ಬರೆದ ಸಾಲು. ಆಗ ಪರಿಹಾರದ ಮಾತೇ ಇರಲಿಲ್ಲ, ಹಾಗಾಗಿ ದುಡ್ಡಿಗಾಗಿ ಕಟ್ಟಿದ ಕತೆ ಅಂತ ಯಾರೂ ಹೇಳುವಂತಿರಲಿಲ್ಲ. ಅಕ್ಕ ಆ ಚೀಟಿಯನ್ನು ರೇಷನ್ ಕಾರ್ಡಿನ ಒಳಗೆ ಇಟ್ಟುಕೊಂಡಿದ್ದರು.

ಅರ್ಜಿ ಹಾಕಿದೆವು. ಎರಡು ವರ್ಷದ ಒಳಗೆ ಹಾಕಬೇಕು ಅನ್ನುವುದು ನಿಯಮ, ಅದರೊಳಗೇ ಇದ್ದೆವು. ಕನ್ನಡದಲ್ಲೇ ಬರೆದ ಹೇಳಿಕೆಯನ್ನು ಜೊತೆಗೆ ಇಟ್ಟೆವು. ಕೇರಳದಲ್ಲಿ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲೇ ಸರಕಾರಕ್ಕೆ ಬರೆಯಬಹುದು, ಆ ಹಕ್ಕನ್ನು ಬಳಸದೆ ಬಿಟ್ಟರೆ ಅದು ಹೆಸರಿಗೆ ಮಾತ್ರ ಉಳಿಯುತ್ತದೆ.

ಎದುರು ಕಡೆಯವರ ಮೊದಲ ಮಾತು, ಇವರು ನಮ್ಮ ಕೆಲಸದವರೇ ಅಲ್ಲ, ಮೇಸ್ತ್ರಿ ಕರೆದುಕೊಂಡು ಬಂದವರು ಅಂತ. 12ನೇ ಸೆಕ್ಷನ್ ಪ್ರಕಾರ ಮೇಸ್ತ್ರಿಯ ಮೂಲಕ ಬಂದರೂ ಮೂಲ ಮಾಲೀಕನೇ ಕೊಡಬೇಕು, ಆಮೇಲೆ ಬೇಕಾದರೆ ಮೇಸ್ತ್ರಿಯಿಂದ ವಸೂಲು ಮಾಡಿಕೊಳ್ಳಲಿ. ಅದಕ್ಕೂ ಮೊದಲು ಅಣ್ಣನ ಮೊಬೈಲಿನಲ್ಲಿ ಗೂಗಲ್ ಪೇ ದಾಖಲೆ ಇತ್ತು. ಶನಿವಾರ ಶನಿವಾರ ಧನಿಯ ಮಗನ ನಂಬರಿನಿಂದಲೇ ಕೂಲಿ ಬಂದಿತ್ತು. ಸಂಬಳದ ಚೀಟಿ ಇಲ್ಲದವರಿಗೆ ಇದು ದೊಡ್ಡ ಆಧಾರ, ಫೋನು ಬದಲಿಸುವ ಮೊದಲು ಸ್ಟೇಟ್‌ಮೆಂಟ್ ತೆಗೆದಿಟ್ಟುಕೊಳ್ಳಿ. ಸಣ್ಣ ಕೋರೆ, ಗಣಿ ಕಾಯಿದೆ ತಾಗುವುದಿಲ್ಲ ಅಂತಲೂ ವಾದ ಬಂತು. ಕೆಂಪುಕಲ್ಲಿನ ತೆರೆದ ಕೋರೆಗೆ ಆಗಿನ ಆ ಕಾಯಿದೆಯಲ್ಲಿ ರಿಯಾಯಿತಿ ಇದ್ದದ್ದು ನಿಜ, ಆದರೆ ಆಳ 6 ಮೀಟರ್ ಮೀರಬಾರದಿತ್ತು. ಈ ಕೋರೆ ಮೀರಿತ್ತು.

ಕುಡಿತದ ವಿಷಯವನ್ನು ಅವರು ಬಹಳ ಎಳೆದಾಡಿದರು. ಕುಡಿದು ತಲೆ ಕೆಟ್ಟಿದೆ, ಕೋರೆಯಿಂದ ಅಲ್ಲ ಅಂತ. ಕೇಳುವಾಗ ಅಕ್ಕನ ಮುಖ ನೋಡಲು ಆಗುತ್ತಿರಲಿಲ್ಲ. ಕಾಯಿದೆ ಹೇಳುವುದು ಅಪಘಾತ ಆಗುವಾಗ ನೌಕರ ಕುಡಿದಿದ್ದು, ಅದರಿಂದಲೇ ಅಪಘಾತ ಆಗಿದ್ದರೆ ಮಾತ್ರ ಪರಿಹಾರ ಇಲ್ಲ ಅಂತ. ಬರೆ ಕುಸಿದದ್ದು ಯಾರೂ ಕುಡಿದದ್ದಕ್ಕಲ್ಲ. ನಿದ್ದೆ ಬಾರದೆ ಆಮೇಲೆ ಕುಡಿಯಲು ಶುರುಮಾಡಿದ್ದು ಕಾಯಿಲೆಯ ಭಾಗ ಅಂತ ಡಾಕ್ಟರು ಹೇಳಿದರು, ಎಲುಬಿನ ಡಾಕ್ಟರ ಆಸ್ಪತ್ರೆಯ ಹಳೆಯ ದಾಖಲೆಯಲ್ಲೂ ಕುಡಿತದ ಸುದ್ದಿ ಇರಲಿಲ್ಲ.

ಈಗ ದುಡ್ಡಿನ ಲೆಕ್ಕ. ಅಣ್ಣನಿಗೆ ದಿನಕ್ಕೆ ಸಾವಿರ ರೂಪಾಯಿ ಆಸುಪಾಸು ಸಿಗುತ್ತಿತ್ತು, ತಿಂಗಳಿಗೆ ಇಪ್ಪತ್ತು ಸಾವಿರ ದಾಟುತ್ತಿತ್ತು. ಆದರೆ 2020ರ ಜನವರಿಯಿಂದ ಲೆಕ್ಕಕ್ಕೆ ಹಿಡಿಯುವ ತಿಂಗಳ ಕೂಲಿ ಹೆಚ್ಚೆಂದರೆ 15,000. ಪೂರ್ತಿ ದುಡಿಯಲಾಗದ ಸ್ಥಿತಿಗೆ ಅದರ ಶೇ. 60, ಅಂದರೆ 9,000. 40 ವರ್ಷದವರಿಗೆ ಕಾಯಿದೆಯ ಪಟ್ಟಿಯಲ್ಲಿ ಇರುವ ಗುಣಕ 184.17. ಗುಣಿಸಿದರೆ 16,57,530 ರೂಪಾಯಿ. ದುಡಿಯುವ ಶಕ್ತಿ ಶೇ. 30 ಹೋಗಿದೆ ಅಂತಾದರೆ 4,97,259. ಶೇ. 60 ಅಂತಾದರೆ 9,94,518. ತಾತ್ಕಾಲಿಕವಾಗಿ ಕೆಲಸಕ್ಕೆ ಹೋಗಲಾಗದ ಕಾಲಕ್ಕೆ ಬೇರೆ ಲೆಕ್ಕ, ಅರ್ಧ ತಿಂಗಳಿಗೊಮ್ಮೆ ಕೂಲಿಯ ಶೇ. 25, ಅಂದರೆ 3,750. ಅದನ್ನು ಯಾರೂ ಕೊಟ್ಟಿರಲಿಲ್ಲ.

ಹಾಗಾಗಿ ಜಗಳವೆಲ್ಲ ಆ ಶೇಕಡಾದ ಮೇಲೆ. ಇಲ್ಲಿ ಒಂದು ವಿಷಯ ಗಮನಿಸಬೇಕು. ಅಂಗವಿಕಲತೆಯ ಸರ್ಟಿಫಿಕೇಟಿನಲ್ಲಿ ಬರುವ ಶೇಕಡಾ ಬೇರೆ, ದುಡಿಯುವ ಶಕ್ತಿಯ ಶೇಕಡಾ ಬೇರೆ. ಮೊದಲನೆಯದಕ್ಕೆ ಮನೋವೈದ್ಯರು ಒಂದು ಅಳತೆಪಟ್ಟಿ ಬಳಸುತ್ತಾರೆ. ಸ್ನಾನ ಊಟ ತಾನೇ ಮಾಡಿಕೊಳ್ಳುತ್ತಾನಾ, ಜನರೊಂದಿಗೆ ಬೆರೆಯುತ್ತಾನಾ, ಮಾತು ಸರಿಯಾಗಿದೆಯಾ, ಕೆಲಸ ಮಾಡುತ್ತಾನಾ ಅಂತ ನೋಡುವುದು. ಅಣ್ಣ ಸ್ನಾನ ಮಾಡುತ್ತಾರೆ, ಅಂಗಡಿಗೆ ಹೋಗುತ್ತಾರೆ, ಮಾತಾಡುತ್ತಾರೆ. ಆ ಲೆಕ್ಕದಲ್ಲಿ ಶೇಕಡಾ ಕಡಿಮೆಯೇ ಬರುತ್ತದೆ. ಆದರೆ ಅವರಿಗೆ ಗೊತ್ತಿದ್ದ ಒಂದೇ ಕೆಲಸ ಕೋರೆಯದ್ದು, ಅಲ್ಲಿಗೆ ಇನ್ನು ಇಳಿಯಲಾರರು. 1975ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್, ಪ್ರತಾಪ್ ನಾರಾಯಣ್ ಸಿಂಗ್ ದೇವ್ ಪ್ರಕರಣದಲ್ಲಿ, ಎಡಗೈ ಮೊಣಕೈಯ ಮೇಲಕ್ಕೆ ಕಳೆದುಕೊಂಡ ಬಡಗಿಯ ವಿಷಯದಲ್ಲಿ ಹೇಳಿದ್ದು ಇದನ್ನೇ. ಒಂದು ಕೈಯಲ್ಲಿ ಬಡಗಿ ಕೆಲಸ ಆಗುವುದಿಲ್ಲ, ಆದ್ದರಿಂದ ಅದು ಪೂರ್ತಿ ನಷ್ಟ. ಮಾಡುತ್ತಿದ್ದ ಕೆಲಸವನ್ನು ನೋಡಿ ಅಳೆಯಬೇಕು. ನಾವು ಇದನ್ನು ಹಿಡಿದು ಶೇ. 60 ಕೇಳಿದೆವು. ಡಾಕ್ಟರು ಬರೆದದ್ದು, ಆಳದ ಗುಂಡಿ, ಕೋರೆ, ಬಾವಿ ಕೆಲಸ ಇನ್ನು ಸಾಧ್ಯವಿಲ್ಲ, ಚಿಕಿತ್ಸೆ ಮುಂದುವರಿದರೆ ತೋಟದ ಹಗುರ ಕೆಲಸ ಮಾಡಬಹುದು ಅಂತ. ಪ್ರಾಮಾಣಿಕ ಮಾತು. ಅದರಿಂದ ನಮ್ಮ ಶೇಕಡಾ ಇಳಿಯುತ್ತದೆ ಅಂತ ಗೊತ್ತಿದ್ದರೂ ಬೇರೆ ಬರೆಸಲು ನಾವು ಹೋಗಲಿಲ್ಲ.

ವಿಚಾರಣೆ ಶುರುವಾದಾಗ ನನಗೆ ಅತ್ಯಂತ ಕಷ್ಟ ಅನಿಸಿದ್ದು ಈಗ ಹೇಳುವ ವಿಷಯ. ಕೈ ಕಡಿದವರು ಕೈ ತೋರಿಸಿದರೆ ಮುಗಿಯಿತು. ಅಣ್ಣ ಏನು ತೋರಿಸಬೇಕು? ಆ ಒಂದು ಗಂಟೆಯನ್ನು ಮತ್ತೆ ಬಾಯಲ್ಲಿ ಹೇಳಬೇಕು. ಡಾಕ್ಟರಿಗೆ ಹೇಳಿದ್ದಾಯಿತು, ಅರ್ಜಿಗೆ ಹೇಳಿದ್ದಾಯಿತು, ಪಾಟಿಸವಾಲಿನಲ್ಲಿ ಮತ್ತೆ. "ಕೈ ಯಾರಿಗೆ ತಾಗಿತ್ತು? ಅಲುಗಾಡುತ್ತಿದ್ದದ್ದು ಹೇಗೆ ಗೊತ್ತಾಯಿತು? ಅಷ್ಟು ಹೆದರಿಕೆ ಇದ್ದವರು ಹೆಂಡತಿಗೆ ಯಾಕೆ ಹೇಳಲಿಲ್ಲ?" ಒಂದೊಂದು ಸಲ ಹೇಳಿ ಬಂದ ಮೇಲೂ ಅಣ್ಣ ವಾರಗಟ್ಟಲೆ ನಿದ್ದೆ ಮಾಡುತ್ತಿರಲಿಲ್ಲ. ಮಾತ್ರೆಯ ಪ್ರಮಾಣ ಜಾಸ್ತಿ ಮಾಡಬೇಕಾಯಿತು. ಗಾಯವನ್ನು ಸಾಬೀತು ಮಾಡುವ ಕೆಲಸವೇ ಗಾಯವನ್ನು ಕೆದಕುತ್ತದೆ ಅಂತಾದರೆ, ಕಾನೂನು ಇಂಥವರಿಗೆ ಬೇರೆ ಥರ ನಡೆದುಕೊಳ್ಳಬೇಕು. ಹೇಳಿಕೆಯನ್ನು ಒಂದೇ ಸಲ, ಡಾಕ್ಟರ ಎದುರು, ದಾಖಲಿಸಿ ಅದನ್ನೇ ಎಲ್ಲ ಕಡೆ ಬಳಸಬಾರದಾ? ಕೇಳುವವರು ಬೇಕು ಅಷ್ಟೇ.

ಅದೇ ಕಾರಣಕ್ಕೆ ರಾಜಿಯ ಮಾತು ಬಂದಾಗ ಅಕ್ಕ ಒಪ್ಪಿದರು. ಶೇ. 30ರ ಲೆಕ್ಕ, 4,97,259 ರೂಪಾಯಿ, ಅದರ ಜೊತೆ ಅಲ್ಲಿಯವರೆಗಿನ ಮನೋಚಿಕಿತ್ಸೆಯ ಖರ್ಚು. ಬಡ್ಡಿ ಬಿಡಬೇಕಾಯಿತು. ಕಾಯಿದೆ ಪ್ರಕಾರ ಒಂದು ತಿಂಗಳಲ್ಲಿ ಕೊಡದಿದ್ದರೆ ಶೇ. 12 ಬಡ್ಡಿ, ಈ ಮೊತ್ತಕ್ಕೆ ವರ್ಷಕ್ಕೆ 59,671 ರೂಪಾಯಿ ಆಗುತ್ತದೆ. ನಾನು ಬಿಡುವುದು ಬೇಡ ಅಂದೆ. ಅಕ್ಕ ಹೇಳಿದರು, "ಇವರನ್ನು ಇನ್ನೊಮ್ಮೆ ಆ ಕಟಕಟೆಗೆ ಹತ್ತಿಸುವುದು ಬೇಡ, ನನಗೆ ಜನ ಉಳಿದರೆ ಸಾಕು." ಆಮೇಲೆ ನಾನು ಮಾತಾಡಲಿಲ್ಲ. ರಾಜಿಯನ್ನು ಕಮಿಷನರ ಮುಂದೆ ನೋಂದಾಯಿಸಲಾಯಿತು. ಅವರು ಅಣ್ಣನನ್ನೇ ಕರೆದು, ಅರ್ಥವಾಗಿದೆಯಾ, ಯಾರಾದರೂ ಒತ್ತಾಯ ಮಾಡಿದ್ದಾರಾ ಅಂತ ಕೇಳಿ, ಕನ್ನಡದಲ್ಲಿ ಓದಿ ಹೇಳಿಸಿದ ಮೇಲೆಯೇ ಸಹಿ ಹಾಕಿಸಿದರು.

ಇಷ್ಟಾದ ಮೇಲೂ ಒಂದು ಸತ್ಯ ಉಳಿದಿದೆ. ಅಣ್ಣನ ಪ್ರಕರಣ ನಿಂತದ್ದು ಎಲುಬು ಮುರಿದಿದ್ದರಿಂದ. ಎಲುಬು ಮುರಿದದ್ದಕ್ಕೆ ಅಪಘಾತದ ದಾಖಲೆ ಆಯಿತು, ಆಸ್ಪತ್ರೆ ಕಾಗದ ಆಯಿತು, ಮನಸ್ಸಿನ ಗಾಯ ಅದರ ಹಿಂದೆ ಹಿಂದೆ ಒಳಗೆ ಬಂತು. ಮೇಲೆ ನಿಂತಿದ್ದ ಆ ಲೋಡಿಂಗಿನ ಹುಡುಗನಿಗೆ ಒಂದು ಗೀರೂ ಆಗಿರಲಿಲ್ಲ. ಅಸ್ಸಾಮಿನವನು. ಕೈಯಲ್ಲೇ ಮಣ್ಣು ತೋಡಿ ಅಣ್ಣನ ಎದೆ ಬಿಡಿಸಿದ್ದು ಅವನೇ. ತೀರಿಹೋದವರ ಮನೆಯವರಿಗೆ ಪರಿಹಾರ ಬಂತು, ಅಣ್ಣನಿಗೆ ಬಂತು, ಅವನನ್ನು ಯಾರೂ ಡಾಕ್ಟರ ಹತ್ತಿರ ಕೂಡ ಕರೆದುಕೊಂಡು ಹೋಗಲಿಲ್ಲ. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ 2010ರಲ್ಲಿ ತಿದ್ದಿದ ವೃತ್ತಿರೋಗಗಳ ಪಟ್ಟಿಯಲ್ಲಿ ಪಿಟಿಎಸ್‌ಡಿಯನ್ನು ಹೆಸರು ಹಿಡಿದು ಸೇರಿಸಿದೆ. ನಮ್ಮಲ್ಲಿ 2025ರ ನವೆಂಬರ್ 21ರಿಂದ ಹಳೆಯ ಕಾಯಿದೆಯ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಮನೆಯಿಂದ ಕೆಲಸಕ್ಕೆ ಹೋಗಿ ಬರುವ ದಾರಿಯ ಅಪಘಾತವೂ ಅದರಲ್ಲಿ ಸೇರಿದೆ, ಅದು ಒಳ್ಳೆಯದು. ವೃತ್ತಿರೋಗದ ಪಟ್ಟಿಯಲ್ಲಿ ಮನಸ್ಸಿನ ಕಾಯಿಲೆ ಮಾತ್ರ ಈಗಲೂ ಇಲ್ಲ.

ಕಾಸರಗೋಡಿನವರಿಗೆ ಪರಿಹಾರಕ್ಕೆ ಅಲೆಯುವುದು ಹೊಸದಲ್ಲ. ಎಂಡೋಸಲ್ಫಾನ್ ಕೀಟನಾಶಕದ ಸಂತ್ರಸ್ತರಿಗೆ 5 ಲಕ್ಷ ಕೊಡಿ ಅಂತ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೂ, 2022ರಲ್ಲಿ ಅದೇ ಕೋರ್ಟು ಮತ್ತೆ ಗದರಿಸಬೇಕಾಯಿತು. ಕಾಗದ ಇದ್ದವರ ಪಾಡೇ ಹೀಗೆ. ಕಾಗದವೇ ಇಲ್ಲದವರದ್ದು ಬೇರೆ ಹೇಳಬೇಕಾ? ಅದಕ್ಕೇ ಕೋರೆ, ಬಾವಿ, ಕ್ರಷರ್, ಕರೆಂಟ್ ಲೈನು ಯಾವುದೇ ಇರಲಿ, ಅಪಘಾತ ಆದರೆ ಅಲ್ಲಿದ್ದ ಎಲ್ಲರನ್ನೂ, ಗಾಯ ಆಗದವರನ್ನೂ, ಅದೇ ವಾರ ಸರಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಏನು ನೋಡಿದ್ದು, ನಿದ್ದೆ ಬರುತ್ತಾ ಅಂತ ಒಪಿ ಚೀಟಿಯಲ್ಲಿ ಬರೆಸಿ. ಡಾಕ್ಟರು ಬರೆಯದಿದ್ದರೆ ಕೇಳಿ ಬರೆಸಿ.

ಅಣ್ಣ ಈಗ ಪಕ್ಕದ ತೋಟದಲ್ಲಿ ಅಡಿಕೆ ಸುಲಿಯಲು ಹೋಗುತ್ತಾರೆ, ದಿನ ಬಿಟ್ಟು ದಿನ. ಕುಡಿತ ಕಡಿಮೆಯಾಗಿದೆ, ನಿಂತಿಲ್ಲ. ಮಾತ್ರೆ ನಡೆಯುತ್ತಿದೆ. ರಾಜಿಯಾದ ಮೇಲಿನ ಚಿಕಿತ್ಸೆಯ ಖರ್ಚಿಗೆ ಬೇರೆ ಅರ್ಜಿ ಹಾಕಿದ್ದೇವೆ, ಅದರ ವಿಚಾರಣೆ ಇನ್ನೂ ಬಂದಿಲ್ಲ. ಅಸ್ಸಾಮಿನ ಹುಡುಗ ಫೋನಿಗೆ ಸಿಕ್ಕಿದ್ದ, ದಕ್ಷಿಣ ಕನ್ನಡದ ಒಂದು ಕ್ರಷರಿನಲ್ಲಿ ಕೆಲಸಕ್ಕೆ ಇದ್ದಾನಂತೆ. ತನಗೆ ಏನೂ ಆಗಿಲ್ಲ ಅಂತ ಹೇಳಿದ. ರಾತ್ರಿ ಮಾತ್ರ ಲೈಟು ಹಾಕಿಕೊಂಡೇ ಮಲಗುವುದು ಅಂದ. ಅವನ ಎರಡು ವರ್ಷ ಇನ್ನೂ ಮುಗಿದಿಲ್ಲ. ಮುಂದಿನ ಕ್ಲಿನಿಕ್ಕಿನ ದಿನ ಬರಲು ಹೇಳಿದ್ದೇನೆ, ಅಣ್ಣ ತಾವೇ ಬಸ್ ಸ್ಟ್ಯಾಂಡಿಗೆ ಹೋಗಿ ಅವನನ್ನು ಕರೆದುಕೊಂಡು ಬರುತ್ತೇನೆ ಅಂದಿದ್ದಾರೆ.